ಚೆಂಬೂರು ತವರಿನ ಸೋಮವ್ವ

ಅಂಧೇರಿಯಿಂದ ಬೊರಿವಲಿಯವರೆಗೆ ಬಿಜಾಪುರ ಕಡೆಯವರ ಮದುವೆ ಎಲ್ಲೇ ಇರಲಿ, ಅರಿಶಿಣ ಬೀಸುವ ದಿನ ಸೋಮವ್ವ ಬರಲೇಬೇಕು. ವಾರವಿಡೀ ಕಟ್ಟಡದ ಕೆಲಸದಲ್ಲಿ ಸಿಮೆಂಟಿನ ಬುಟ್ಟಿ ಹೊರುವ ಹೆಂಗಸು. ಆದರೆ ಬೀಸುಕಲ್ಲಿನ ಗೂಟ ಹಿಡಿದು ದನಿ ಎತ್ತಿದಳೆಂದರೆ, ನಲ್ಲಿಯ ಮುಂದೆ ಜಗಳಾಡುತ್ತಿದ್ದವರೂ ಕೊಡ ಕೆಳಗಿಟ್ಟು ಬರುತ್ತಿದ್ದರು. ಪಾಳಿ ತಪ್ಪಿದ ಮೇಲೆ ಅವಳನ್ನೇ ಬೈಯುತ್ತಿದ್ದರು, ಅದು ಬೇರೆ ಮಾತು.

ಅವಳಿಗೊಂದು ಅಳುಕಿತ್ತು. ಬೀಸುವ ಪದವೆಂದರೆ ತವರನ್ನು ಹೊಗಳಬೇಕು. ಸೋಮವ್ವ ಹುಟ್ಟಿದ್ದು, ಬೆಳೆದದ್ದು ಚೆಂಬೂರಿನ ಜೋಪಡಿಯಲ್ಲಿ. ಅವಳ ಅವ್ವ ಇನ್ನೂ ಅಲ್ಲೇ ಇದ್ದಳು. ತಗಡಿನ ಮನೆಯನ್ನು ಯಾರಾದರೂ ಪದ ಕಟ್ಟಿ ಹಾಡುತ್ತಾರೆಯೇ? ಅದಕ್ಕೇ ತಾನು ಎಂದೂ ಕಣ್ಣಾರೆ ಕಾಣದ ಹೊಳಿಹಾಳವನ್ನು, ಅವ್ವ ಹುಟ್ಟಿದ ಊರನ್ನು, ತನ್ನ ತವರೆಂದು ಹಾಡುತ್ತಿದ್ದಳು.

ಎಪ್ಪತ್ತೆರಡರ ಬೇಸಿಗೆ. ಸೋಮವ್ವನ ಗಂಡನ ಮನೆಯಿದ್ದ ಚಾಳಿನಲ್ಲಿ, ನೆರೆಮನೆಯ ಗುರುಬಾಯಿಯ ಮಗಳ ಮದುವೆಗೆ ಬೀಗರು ಊರಿನಿಂದ ಬಂದಿಳಿದಿದ್ದರು. ಸೋಮವ್ವ ಎಂದಿನಂತೆ ಶುರುಮಾಡಿದಳು:

ಹೊಳಿಹಾಳ ದಂಡ್ಯಾಗ ಮಾವೀನ ತ್ವಾಪೈತಿ
ಗಿಳಿಹಿಂಡು ಬಂದು ಇಳಿದಾವ – ನನ ತವರ
ಕಳೆ ನೋಡ ಬಾರ ಗೆಳತೆವ್ವ

ವರನ ಸೋದರತ್ತೆ ದಾನವ್ವ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಯವ್ವಾ, ನಾನೂ ಹೊಳಿಹಾಳದಾಕೀನ. ಅಲ್ಲಿ ಎಲ್ಲೈತಿ ಮಾವಿನ ತ್ವಾಪು? ಬರೇ ಜಾಲಿಮುಳ್ಳ! ನೀ ಯಾರ ಮನಿ ಮಗಳ?"

ಹೆಂಗಸರು ಕಿಸಕ್ಕನೆ ನಕ್ಕರು. ಸೋಮವ್ವನ ಮುಖ ಸುಟ್ಟ ಬದನೆಕಾಯಿಯಾಯಿತು. ಎದ್ದು ಓಡೋಣವೆಂದರೆ ಮದುವೆಯ ಬೀಸುಕಲ್ಲು ನಡುವೆ ನಿಲ್ಲಬಾರದು. ತಲೆ ತಗ್ಗಿಸಿ ಕಲ್ಲು ತಿರುಗಿಸುತ್ತಲೇ ಇದ್ದಳು. ಸುಳ್ಳು ಹಾಡುವವಳೆಂದು ಹೆಸರು ಬಿದ್ದರೆ ಇನ್ನು ಯಾರು ಕರೆದಾರು? ಹಾಡಿಲ್ಲದಿದ್ದರೆ ತನಗೆ ಉಳಿಯುವುದು ಬುಟ್ಟಿಯೊಂದೇ.

"ಹೇಳವಾ, ನಿನ್ನ ತವರ ಯಾವದು?" ದಾನವ್ವ ಬಿಡಲಿಲ್ಲ.

ಸೋಮವ್ವನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಪದ ಬಂತು:

ಎಣ್ಣೀಯ ಕಂಪನಿ ಮುಗಿಲೀಗಿ ಉರಿ ಹಚ್ತು
ಹುಣ್ಣೀವಿ ಬ್ಯಾಡ ಬೆಳಕೀಗಿ – ನನ ತವರು
ಕಣ್ಣೀಗಿ ಬೀಳ್ತೈತಿ ಕುರ್ಲಾಕ್ಕ

ಗುರುಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಖರೇ ಐತಿ! ಚೆಂಬೂರಿನ ಎಣ್ಣಿ ಕಂಪನಿ ಚಿಮಣಿ ತುದ್ಯಾಗ ರಾತ್ರಿಯೆಲ್ಲಾ ಉರಿಯೂ ಉರಿ, ನಾ ಕುರ್ಲಾ ಸ್ಟೇಶನ್ದಾಗ ರೇಲ್ವೆದಾಗಿಂದ ನೋಡೇನಿ!" ಎಂದು ತಾನೂ ದನಿಗೂಡಿಸಿದಳು. ಉಳಿದವರು ಸುಮ್ಮನಿದ್ದಾರೆಯೇ? ನಲ್ಲಿಯ ಮೇಲೊಂದು ಹಾಡು, ಲೋಕಲ್ಲಿನ ಮೇಲೊಂದು ಹಾಡು ಎಂದು ಗಂಟುಬಿದ್ದರು. ಸೋಮವ್ವ ಹಾಡಿದ್ದೇ ಹಾಡಿದ್ದು. ಅಷ್ಟು ನುಣ್ಣನೆಯ ಅರಿಶಿಣವನ್ನು ಆ ಚಾಳು ಹಿಂದೆಂದೂ ಕಂಡಿರಲಿಲ್ಲ.

"ಇದು ನಿನ್ನ ಪದ ನೋಡ. ನಮ್ಮೂರ ಜಾಲಿ ನಮಗ ಇರಲಿ ಬಿಡ," ಎಂದು ದಾನವ್ವ ತನ್ನ ಕೈಯಾರೆ ಅವಳಿಗೆ ಎಲೆಅಡಿಕೆ ಮಡಿಚಿ ಕೊಟ್ಟಳು.

ಭಾನುವಾರ ಲೋಕಲ್ ಬದಲಿಸುತ್ತ ಸೋಮವ್ವ ಚೆಂಬೂರಿಗೆ ಹೋದಳು. ಅವ್ವ ಹಾಲವ್ವ ಅಕ್ಕಿ ಹಸನು ಮಾಡುತ್ತಿದ್ದಳು. ತನ್ನೂರನ್ನು ಬಿಟ್ಟುಕೊಟ್ಟಳೆಂದು ಬೈದಾಳು ಎಂದು ಹೆದರುತ್ತಲೇ ಮಗಳು ನಡೆದದ್ದನ್ನು ಹೇಳಿ, ಹೊಸ ಪದ ಹಾಡಿ ತೋರಿಸಿದಳು.

ಹಾಲವ್ವ ಮೊರ ಪಕ್ಕಕ್ಕಿಟ್ಟಳು. ಅವಳ ಮುಖ ಅರಳಿತು, ಕಣ್ಣೂ ತುಂಬಿತು.

"ನೀ ಆ ಊರ ಹಾಡುವಾಗೆಲ್ಲಾ, ನನ್ನ ಮನಿ ನನ್ನ ಮಗಳಿಗೆ ತವರ ಆಗಲೇ ಇಲ್ಲ ಅಂತ ತಿಳದಿದ್ನೆವ್ವ. ಇನ್ನೊಮ್ಮಿ ಹಾಡ. ಜೋರಾಗಿ ಹಾಡ, ಬಾಜೂದವರಿಗೂ ಕೇಳಲಿ!"