ಕಂಬದ ಸುತ್ತಲಿನ ನೆಲ

ಮೊನ್ನೆ ಭಾನುವಾರ ಆದೋನಿಯ ನಮ್ಮ ಮನೆಯ ಹಿತ್ತಲಲ್ಲಿ ಸೊಸೆ ನನ್ನದೊಂದು ಹಳೆಯ ಸೀರೆಯನ್ನು ಒರೆಸುಬಟ್ಟೆಗೆಂದು ಉದ್ದಕ್ಕೆ ಹರಿಯುತ್ತಿದ್ದಳು. ಆ ಪರ್ರೆನ್ನುವ ಸದ್ದು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿದ್ದದ್ದೇ, "ಹರೀಬ್ಯಾಡವ್ವ, ಇಡು ಅದನ್ನ" ಎಂದುಬಿಟ್ಟೆ. ಧ್ವನಿ ಜೋರಾಗಿತ್ತೇನೋ, ಆಕೆ ಗಾಬರಿಯಾದಳು. ಅದು ನನಗೆ ಪ್ರೀತಿಯ ಸೀರೆಯೆಂದು ತಿಳಿದು ಮಡಿಚಿ ಕಪಾಟಿನಲ್ಲಿಟ್ಟಳು. ನಿಜ ಹೇಳಬೇಕೆಂದರೆ ಅದನ್ನು ಉಟ್ಟ ದಿನಗಳಲ್ಲೂ ನನಗೆ ಅದು ಇಷ್ಟವಿರಲಿಲ್ಲ. ಕಾರಣ ಬೇರೆ. ಅದನ್ನು ಹೇಳಲು ನಿಮ್ಮನ್ನು ಪೆದ್ದಹರಿವಾಣಂ ಕಡೆಯ ಒಂದು ಊರಿಗೆ ಕರೆದುಕೊಂಡು ಹೋಗಬೇಕು. ಹೆಸರು ಬೇಡ. ಆ ಊರಿನ ತಪ್ಪಲ್ಲ ಅದು.

ಅಲ್ಲಿನ ಕನ್ನಡ ಪ್ರಾಥಮಿಕ ಶಾಲೆಗೆ ನಾನು ಹೆಡ್ ಟೀಚರ್ ಆಗಿದ್ದೆ. ಹೆಡ್ ಎಂದರೆ ಭಾರಿ ಏನಲ್ಲ. ಇದ್ದ ಇಬ್ಬರು ಟೀಚರುಗಳಲ್ಲಿ ರಿಜಿಸ್ಟರು ಬರೆಯುವವಳು ನಾನು. ಆದರೆ ಎಂಥ ರಿಜಿಸ್ಟರು ಅಂತೀರಿ! ದುಂಡು ಅಕ್ಷರ, ಒಂದು ಚಿತ್ತಿಲ್ಲ, ಕೆಂಪು ಗೆರೆಗಳೆಲ್ಲ ಸ್ಕೇಲಿಟ್ಟು ಎಳೆದವು. ತಪಾಸಣೆಗೆ ಬಂದವರು ಅದನ್ನು ಹಾಳೆ ತಿರುವಿ ನೋಡಿ ತಲೆದೂಗಿದರೆ ನನಗೆ ಅವತ್ತು ಊಟ ರುಚಿಸುತ್ತಿತ್ತು. ಮಕ್ಕಳಿಗೆ ಏನು ಕಲಿಸಿದೆ ಎಂದು ಯಾರಾದರೂ ಕೇಳಿದರೆ ತಡವರಿಸುತ್ತಿದ್ದೆನೇನೋ, ರಿಜಿಸ್ಟರಿನ ಬಗ್ಗೆ ಮಾತ್ರ ಅಂಜಿಕೆ ಇರಲಿಲ್ಲ.

ಒಂದು ವರ್ಷ ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ಮಂಡಲದ ಶಾಲೆಗಳಿಗೆ ರಜಿಯಾ ಎಂಬ ವಿಶೇಷ ಶಿಕ್ಷಕಿ ಬಂದಳು. ಕಲಿಕೆಯಲ್ಲಿ ಬೇರೆ ಥರದ ನೆರವು ಬೇಕಾದ ಮಕ್ಕಳನ್ನು ಊರೂರಿಗೆ ಹೋಗಿ ನೋಡುವ ಕೆಲಸ ಅವಳದು. ಆ ಹುದ್ದೆ ಬಹಳ ದಿನದಿಂದ ಖಾಲಿ ಬಿದ್ದಿತ್ತು. ಸಣ್ಣ ಪ್ರಾಯದ ಹುಡುಗಿ, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವವಳು. ನನ್ನ ರಿಜಿಸ್ಟರನ್ನು ಹೊಗಳುತ್ತಾಳೆಂದು ಅವಳ ಮುಂದೆ ಬಿಚ್ಚಿಟ್ಟೆ. ಅವಳು ಒಂದು ಹೆಸರಿನ ಮೇಲೆ ಬೆರಳಿಟ್ಟು ಕೇಳಿದಳು, "ಮೇಡಂ, ಈ ಪಾಪ ಎಕ್ಕಡ?"

ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣು ಕೂಸು, ಎಕ್ಕಡ ಎಂದರೆ ಎಲ್ಲಿ. ಎರಡೂ ಭಾಷೆಯ ನಡುವೆ ಬೆಳೆದ ನನಗೆ ಪಾಪ ಗೊತ್ತಿರದ ಮಾತೇನಲ್ಲ, ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಅವತ್ತು ಮಾತ್ರ ಅದು ನನಗೆ ಕನ್ನಡದಲ್ಲಿ ಕೇಳಿಸಿತು.

ಹೆಸರು ಮಾದೇವಿ. ಮೂರನೇ ತರಗತಿ. ಎದುರಿಗೆ ನನ್ನದೇ ದುಂಡು ಅಕ್ಷರದಲ್ಲಿ, 'ಮನೆಯಲ್ಲೇ ಕಲಿಕೆ' ಎಂದಿತ್ತು. ಶಾಲೆಗೆ ಬರಲಾಗದ ಮಗುವಿಗೆ ಮನೆಗೇ ಹೋಗಿ ಕಲಿಸುತ್ತಾರೆ ಎಂಬುದು ಅದರ ಅರ್ಥ. ಕಲಿಸುವವರು ಯಾರು ಎಂದು ರಜಿಯಾ ಕೇಳಿದಳು. ಯಾರೂ ಹೋಗುತ್ತಿರಲಿಲ್ಲ. ಎರಡು ವರ್ಷ ಆ ಮಗುವನ್ನು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಪಾಸು ಮಾಡಿದ್ದೆ, ಮುಖ ನೆನಪಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಹೊರಟೆವು. ಮನೆ ಊರಿನ ಕೊನೆಗೆ, ಕಾಲುವೆಯ ಹತ್ತಿರ. ತಾಯಿ ಹುಲಿಗೆಮ್ಮ ಹತ್ತಿ ಬಿಡಿಸಲು ಹೋಗಿದ್ದಾಳೆ, ಗಂಡ ಬೇರೆ ಊರಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂದು ಪಕ್ಕದ ಮನೆಯ ಮುದುಕಿ ಹೇಳಿದಳು. ಮಗು ಎಲ್ಲಿ ಎಂದಾಗ ಬಾಗಿಲ ಕಡೆ ಗದ್ದ ಎತ್ತಿದಳು. ಹೊರಗಿನಿಂದ ಚಿಲಕ ಹಾಕಿತ್ತು.

ರಜಿಯಾ ಚಿಲಕ ತೆಗೆದಳು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ನನಗೆ ಕಂಡದ್ದು ಮಗುವಲ್ಲ, ನೆಲ. ನಡುಮನೆಯ ಕಂಬದ ಸುತ್ತ ಸಗಣಿ ಸಾರಿಸಿದ ನೆಲ ಗುಂಡಗೆ ಸವೆದು ತಗ್ಗಾಗಿ ಹೊಳೆಯುತ್ತಿತ್ತು, ಗಾಣದ ಎತ್ತು ತಿರುಗಿದ ಜಾಗದ ಹಾಗೆ. ಆ ತಗ್ಗಿನ ಅಂಚಿನಲ್ಲಿ ಎಂಟು ವರ್ಷದ ಹುಡುಗಿ ನಿಂತಿದ್ದಳು. ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು ಹೊಸೆದ ಹಗ್ಗ ಅವಳ ಸೊಂಟದಿಂದ ಕಂಬಕ್ಕೆ. ಗಂಟು ಬೆನ್ನ ಹಿಂದೆ, ಅವಳ ಕೈಗೆ ಸಿಗದ ಕಡೆ. ನೀರಿನ ಕೊಡಕ್ಕೂ ಬಚ್ಚಲಿಗೂ ಮುಟ್ಟುವಷ್ಟು ಅಳತೆ ನೋಡಿಯೇ ಕಟ್ಟಿದ್ದರು. ತಲೆ ಬಾಚಿ ಎರಡು ಜಡೆ ಹಾಕಿತ್ತು.

ರಜಿಯಾ "ತಡೀರಿ ಮೇಡಂ, ಮೊದಲು ತಾಯಿ ಬರ್ಲಿ" ಎಂದಳು. ನಾನು ಕೇಳಲಿಲ್ಲ. ಸಿಟ್ಟಿನಲ್ಲಿ ಹಲ್ಲಿನಿಂದ ಕಚ್ಚಿ ಆ ಗಂಟು ಬಿಚ್ಚಿದೆ. ಎಂಥ ತಾಯಿ ಇವಳು, ಪೊಲೀಸರಿಗೆ ಹೇಳಬೇಕು ಎಂದೆಲ್ಲ ಬಡಬಡಿಸುತ್ತಿದ್ದೆ. ಹಗ್ಗ ಜಾರಿ ಕೆಳಗೆ ಬಿತ್ತು. ಮಾದೇವಿ ಒಂದು ಕ್ಷಣ ಅದನ್ನು ನೋಡಿದಳು, ಮರುಕ್ಷಣ ನನ್ನ ಪಕ್ಕದಲ್ಲೇ ನುಸುಳಿ ಬಾಗಿಲು ದಾಟಿದ್ದಳು.

ಅಷ್ಟು ಜೋರಾಗಿ ಓಡುವ ಮಗುವನ್ನು ನಾನು ಕಂಡಿಲ್ಲ. ಹಿಂದಕ್ಕೆ ನೋಡಲಿಲ್ಲ, ಕೂಗಿದರೆ ತಿರುಗಲಿಲ್ಲ, ನೇರ ಕಾಲುವೆಯ ಕಡೆಗೆ. ಐವತ್ತು ದಾಟಿದ ನನ್ನ ದೇಹ ಹತ್ತು ಹೆಜ್ಜೆಗೇ ಸೆರಗು ತೊಡರಿ ಮಣ್ಣಲ್ಲಿ ಬಿತ್ತು. ಬಿದ್ದಲ್ಲಿಂದಲೇ ನೋಡಿದೆ: ಏರಿಯ ಮೇಲೆ ಎರಡು ಜಡೆ, ಅದರಾಚೆ ತುಂಬಿ ಹರಿಯುವ ನೀರು. ರಜಿಯಾ ಚಪ್ಪಲಿ ಬಿಟ್ಟು ಓಡಿ, ಕಾಲುವೆಗಿಳಿಯುವ ಕೊನೆಯ ಮೆಟ್ಟಿಲಲ್ಲಿ ಅವಳ ಲಂಗ ಹಿಡಿದಳು. ಮಗುವಿನ ಎರಡೂ ಪಾದ ಆಗಲೇ ನೀರಲ್ಲಿದ್ದವು. ಮಾದೇವಿ ನಗುತ್ತಿದ್ದಳು.

ಹುಲಿಗೆಮ್ಮನಿಗೆ ಯಾರೋ ಹೊಲಕ್ಕೆ ಸುದ್ದಿ ಮುಟ್ಟಿಸಿದ್ದರು. ಮಡಿಲಲ್ಲಿ ಹತ್ತಿ ಹಾಗೇ ಇತ್ತು, ಏದುಸಿರು ಬಿಡುತ್ತ ಬಂದಳು. ಮಗಳ ಒದ್ದೆ ಪಾದ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಬಿಚ್ಚಿದ್ರೇನ್ರಿ ಟೀಚರಮ್ಮ? ಎರಡು ಸಲ ಕಾಲುವ್ಯಾಗ ಬಿದ್ದಾಳ್ರಿ ಆಕಿ. ಒಮ್ಮಿ ಎಮ್ಮಿ ಕಾಯೋರು ಎತ್ತಿ ಕೊಟ್ರು. ಒಮ್ಮಿ ನಾನೇ ಹಾರಿದೆ. ನನಗ ಈಸು ಬರಂಗಿಲ್ಲ."

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮೈಯೆಲ್ಲ ಮಣ್ಣಾಗಿ ನಿಂತಿದ್ದರೂ ಟೀಚರ್ ದನಿ ಬಿಟ್ಟಿರಲಿಲ್ಲ. ಕಟ್ಟಿ ಹಾಕುವ ಬದಲು ಶಾಲೆಗೆ ಕರೆದುಕೊಂಡು ಬರಬಹುದಿತ್ತಲ್ಲ ಎಂದು ಗದರಿದೆ. ಆಕೆ ನನ್ನನ್ನು ಅಚ್ಚರಿಯಿಂದ ನೋಡಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಮರೆತವರಿಗೆ ನೆನಪು ಮಾಡಿಕೊಡುವವರ ದನಿ.

"ಬಂದಿದ್ನಲ್ರಿ. ನಿಮ್ಮ ಟೇಬಲ್ ಮುಂದ ನಿಂತಿದ್ದೆ. ಹೆಸರು ಬರಕೊಂಡು, ಈಗ ಬ್ಯಾಡ, ಬುದ್ಧಿ ಬಂದಮ್ಯಾಲ ಕರ್ಕೊಂಡು ಬಾ ಅಂದ್ರಿ. ಮುಂದಿನ ವರ್ಸನೂ ಬಂದೆ. ಆವಾಗೂ ಹಂಗೇ ಅಂದ್ರಿ. ಬುದ್ಧಿ ಬರೋತನಕ ಆಕಿ ಜೀವ ಉಳಿಬೇಕಲ್ರಿ, ಅದಕ್ಕ ಕಟ್ಟೀನಿ."

ನಾನು ನೆನಪಿಸಿಕೊಳ್ಳಲು ನೋಡಿದೆ. ಆ ಎರಡು ದಿನಗಳಲ್ಲಿ ಒಂದೂ ನೆನಪಾಗಲಿಲ್ಲ. ಇವತ್ತಿಗೂ ನನ್ನನ್ನು ಬೆಚ್ಚಿಬೀಳಿಸುವುದು ಹಗ್ಗವಲ್ಲ, ಈ ಮರೆವು. ಹೇಳಿದ್ದು ನೆನಪಿದ್ದರೆ ಕಲ್ಲೆದೆಯವಳು ಎಂದಾದರೂ ನನ್ನನ್ನು ಬೈದುಕೊಳ್ಳಬಹುದಿತ್ತು. ಒಂದು ಮಗುವನ್ನು ಎರಡು ವರ್ಷ ಕಂಬಕ್ಕೆ ಕಟ್ಟಿಸಿದ ಮಾತನ್ನು ನಾನು ಮೇಜಿನ ಹಿಂದೆ ಕೂತು, ಬಹುಶಃ ಗೆರೆ ಎಳೆಯುತ್ತ, ತಲೆ ಕೂಡ ಎತ್ತದೆ ಆಡಿದ್ದೆ.

ಶಾಲೆಗೆ ಕರೆದುಕೊಂಡು ಬಾ ಎಂದು ರಜಿಯಾ ಹೇಳಿದ್ದಕ್ಕೆ, ಮರುದಿನ ಹುಲಿಗೆಮ್ಮ ಮಗಳನ್ನು ಕರೆತಂದಳು. ಆಕೆ ಬಂದದ್ದೇ ನನಗೆ ಆಶ್ಚರ್ಯ. ಅಲ್ಲಿಂದ ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ಮಾದೇವಿ ಮೊದಲ ವಾರ ನನ್ನ ಮುಂಗೈ ಕಚ್ಚಿದಳು, ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಕಿರುಚಿದಳು. ಇಬ್ಬರು ತಂದೆಯರು ಬಂದು, ಇಂಥವಳ ಜೊತೆ ನಮ್ಮ ಮಕ್ಕಳನ್ನು ಕೂಡಿಸಬೇಡಿ ಎಂದರು. ರಜಿಯಾ ಯಾವುದಕ್ಕೂ ಗಾಬರಿಯಾಗಲಿಲ್ಲ. ಓಡುವ ಮಗುವನ್ನು ಮೊದಲು ಓಡಿಸೋಣ ಎಂದಳು. ಹಾಗಾಗಿ ಗೇಟು ಹಾಕಿ, ದಿನಾ ಬೆಳಿಗ್ಗೆ ಪಾಠಕ್ಕೆ ಮುಂಚೆ ಇಡೀ ಶಾಲೆ ಮೈದಾನದಲ್ಲಿ ಓಡಿತು, ಕೊನೆಗೆ ಸೆರಗು ಸಿಕ್ಕಿಸಿಕೊಂಡ ಹೆಡ್ ಟೀಚರ್. ಗಂಟೆಗೆ ಬದಲು ಮಕ್ಕಳೇ ಚಪ್ಪಾಳೆ ತಟ್ಟತೊಡಗಿದರು. ನೀರು, ಅನ್ನ, ಬಯಲು, ಅವ್ವ ಎಂಬ ನಾಲ್ಕು ಚಿತ್ರ ಬರೆದ ಚೀಟಿಗಳನ್ನು ರಜಿಯಾ ಅವಳ ಕೊರಳಿಗೆ ಹಾಕಿದಳು. ಮಕ್ಕಳ ಬಿಸಿಯೂಟದ ಅಡುಗೆ ಮಾಡುವಾಕೆ ತನಗೊಬ್ಬಳು ಜೊತೆ ಬೇಕೆಂದು ಹುಲಿಗೆಮ್ಮನನ್ನು ಶಾಲೆಯಲ್ಲೇ ಉಳಿಸಿಕೊಂಡಳು.

ಮಳೆಗಾಲ ಬರುವ ಹೊತ್ತಿಗೆ ಮಾದೇವಿ ಬಾಯಾರಿದಾಗ ನೀರಿನ ಚೀಟಿ ಎತ್ತಿ ತೋರಿಸುತ್ತಿದ್ದಳು. ಹೊರಗೆ ಬಿಟ್ಟ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ ಸಾಲಾಗಿ ಇಡುತ್ತಿದ್ದಳು. ಯಾರ ಚಪ್ಪಲಿ ಯಾವುದೆಂದು ಅವಳಿಗೆ ಮಾತ್ರ ಗೊತ್ತು. ಅಕ್ಷರ ಬರಲಿಲ್ಲ. ಮಾತೂ ಬರಲಿಲ್ಲ. ಐದನೆಯ ತರಗತಿ ಮುಗಿದ ಮೇಲೆ ಆಕೆ ಈಗ ಆದೋನಿಯ ಒಂದು ವಿಶೇಷ ಕೇಂದ್ರಕ್ಕೆ ತಾಯಿಯ ಜೊತೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮಕ್ಕಳಾಡುವ ಕೆರೆಯ ಆಳವಿಲ್ಲದ ನೀರಲ್ಲಿ ರಜಿಯಾ ಅವಳಿಗೂ ಅವಳ ತಾಯಿಗೂ ಈಸು ಕಲಿಸಿದಳು. ಹಗ್ಗ ಉಜ್ಜಿದ ಸೊಂಟದ ಕಪ್ಪು ಕಲೆ ಪೂರ್ತಿ ಹೋಗಿಲ್ಲವಂತೆ.

ನನಗೆ ಈಗ ಪೆದ್ದಕಡುಬೂರು ಕಡೆಗೆ ವರ್ಗವಾಗಿದೆ. ಜೂನ್ ಬಂದರೆ ಮಕ್ಕಳ ಪಟ್ಟಿ ಹಿಡಿದು ನಾನೇ ಓಣಿ ಓಣಿ ತಿರುಗುತ್ತೇನೆ. ನಿನ್ನೆ ಒಂದು ಮನೆಯ ಹೆಣ್ಣುಮಗಳು ಬಾಗಿಲಿಗೆ ಅಡ್ಡ ನಿಂತು, ನಮ್ಮಲ್ಲಿ ಸಾಲಿಗೆ ಹೋಗೋ ಮಕ್ಕಳು ಯಾರೂ ಇಲ್ರಿ ಎಂದಳು. ಅವಳ ಬೆನ್ನ ಹಿಂದೆ, ಒಳಗೆಲ್ಲೋ, ತಟ್ಟೆಯೊಂದನ್ನು ಯಾರೋ ನೆಲಕ್ಕೆ ಬಡಿದರು. ಮತ್ತೆ ಬಡಿದರು. ಆಕೆ ನನ್ನ ಮುಖ ನೋಡಿದಳು, ನಾನು ಅವಳದ್ದು.

ಪಟ್ಟಿ ಮುಚ್ಚಿ ಚೀಲಕ್ಕೆ ಹಾಕಿ, ಜಗುಲಿಯ ಮೇಲೆ ಕೂತೆ.

"ನನಗೇನೂ ಅವಸರ ಇಲ್ಲವ್ವ" ಎಂದೆ. "ಕುಡಿಯಾಕ ಒಂಚೂರು ನೀರು ಕೊಡು."