ಆಪಾ ಹೇಳದ ಹೆಸರು

ಬೆಳಗಾವಿ ಆಟೋ ನಗರದ ನಮ್ಮ ಕಾರ್ಖಾನೆಯಲ್ಲಿ ಯಾರಿಗೆ ಯಾರ ಒಡನಾಟ ಎಷ್ಟಿದೆ ಎಂದು ತಿಳಿಯಲು ಪುಣೆಯಿಂದ ಇಬ್ಬರು ತಜ್ಞರು ಬಂದಿದ್ದರು. ಕೆಲಸದಲ್ಲಿ ತೊಡಕಾದರೆ ಯಾರನ್ನು ಕೇಳುತ್ತೀರಿ, ಮನಸ್ಸಿಗೆ ಬೇಸರವಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಎಂದು ಆಫೀಸಿನವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳಿದರು. ಎರಡಕ್ಕೂ ನಾನು ಆಪಾ ಹೆಸರು ಹೇಳಿದೆ. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಅವರನ್ನು ನಾವೆಲ್ಲ, ಅವರ ಮನೆಯವರ ಹಾಗೆ, ಅಕ್ಕ ಅನ್ನುವ ಬದಲು ಆಪಾ ಅನ್ನುತ್ತಿದ್ದೆವು. ಮದುವೆ ಮುರಿದು ನಾನು ತವರಿಗೆ ಬಂದ ವರ್ಷ, ಊಟದ ಹೊತ್ತಿನಲ್ಲಿ ಅವರೆದುರು ಕೂತು ಅತ್ತದ್ದಕ್ಕೆ ಲೆಕ್ಕವಿಲ್ಲ.

ಮುಂದಿನ ವಾರ, ನಮ್ಮ ಉತ್ತರಗಳಿಂದ ಮಾಡಿದ ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿದರು. ತಲೆಗೊಂದು ಚುಕ್ಕೆ, ಯಾರ ಹೆಸರು ಹೇಳಿದ್ದೆವೋ ಅವರತ್ತ ಒಂದು ಬಾಣ. ಚುಕ್ಕೆಗಳಿಗೆ ಹೆಸರು ಬರೆದಿರಲಿಲ್ಲ. ಆದರೂ ಬಾಣಗಳು ಮುತ್ತಿಕೊಂಡಿದ್ದ ಚುಕ್ಕೆ ಯಾರದೆಂದು ಎಲ್ಲರಿಗೂ ತಿಳಿಯಿತು. ಅದರಿಂದ ಮಾತ್ರ ಒಂದೂ ಬಾಣ ಹೊರಟಿರಲಿಲ್ಲ. ಇವರೇ ಸಂಸ್ಥೆಯ ಆಧಾರ ಎಂದು ತಜ್ಞರು ಹೊಗಳಿದರು. ಮಾಲೀಕರು ಚಪ್ಪಾಳೆ ಹೊಡೆಸಿ, ಸಿಬ್ಬಂದಿಯ ಅಹವಾಲು ಕೇಳುವ ಕೆಲಸವನ್ನೂ ಅವರಿಗೇ ಹಚ್ಚಿದರು. ನನಗೆ ಮಾತ್ರ ನೋವಾಯಿತು. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ. ಆಪಾ ನಕ್ಕು, ತಮ್ಮ ಡಬ್ಬಿಯ ಪಲ್ಯವನ್ನು ನನ್ನ ಕಡೆ ಸರಿಸಿದರು.

ಮಳೆಗಾಲ ಮುಗಿಯುವಾಗ ಅವರು ಕೆಲಸಕ್ಕೆ ಬರುವುದು ನಿಂತಿತು. ಫೋನೂ ಎತ್ತಲಿಲ್ಲ. ಒಂದು ಭಾನುವಾರ ಖಾನಾಪುರಕ್ಕೆ ಹೋದೆ. ಬಾಗಿಲು ತೆಗೆದ ಅವರ ತಮ್ಮನ ಹೆಂಡತಿ, ಹೊಟ್ಟೆಯ ಕ್ಯಾನ್ಸರ್ ಎಂದು ತಮಗೂ ಈಚೆಗಷ್ಟೇ ಗೊತ್ತಾಯಿತು ಎಂದರು. ಶನಿವಾರ ಓವರ್‌ಟೈಮ್ ಇದೆಯೆಂದು ಮನೆಯಲ್ಲಿ, ಮನೆಯಲ್ಲಿ ಕೆಲಸವಿದೆಯೆಂದು ನಮ್ಮಲ್ಲಿ ಹೇಳಿ ಆಪಾ ಒಬ್ಬರೇ ಬೆಳಗಾವಿಯ ಆಸ್ಪತ್ರೆಗೆ ಹೋಗುತ್ತಿದ್ದರಂತೆ. ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಕಳಿಸಿದ್ದರು.

ದಿಂಬಿಗೆ ಒರಗಿ ಕೂತಿದ್ದವರ ಗುರುತು ನನಗೆ ತಕ್ಷಣ ಹತ್ತಲಿಲ್ಲ.

"ಆಪಾ, ನನಗರ ಒಂದ ಮಾತ ಹೇಳಬಾರದಿತ್ತೇನ್ರಿ?" ಎಂದೆ.

ಅವರು ಉಸಿರು ತಡೆದು ತಡೆದು ಮಾತಾಡಿದರು. "ಹೇಳಿದ್ರ ನೀ ಅಳ್ತಿದ್ದಿ. ನಿನ್ನ ಸಮಾಧಾನ ಮಾಡೂದು ಮತ್ತ ನನ್ನ ಮ್ಯಾಲ ಬರ್ತಿತ್ತು. ಅಷ್ಟ ತಾಕತ್ತ ಉಳದಿರಲಿಲ್ಲವ್ವಾ."

ಹೊರಡುವ ತನಕ ನಾನು ಅಳಲಿಲ್ಲ.

ದೀಪಾವಳಿಗೆ ಮೊದಲೇ ಅವರು ತೀರಿಕೊಂಡರು. ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಊಟಕ್ಕೆ ಕೂತಾಗ ಒಬ್ಬೊಬ್ಬರೂ ತಾವು ಆಪಾ ಹತ್ತಿರ ಹೇಳಿಕೊಂಡಿದ್ದನ್ನು ನೆನೆದು ಕಣ್ಣೊರೆಸಿಕೊಂಡರು. ಅವರಿಗೆ ಗಂಡ ಇದ್ದನೇ, ಮಕ್ಕಳಿದ್ದರೇ ಎಂದು ಕ್ಯಾಷಿಯರ್ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ, ನನಗೂ.