ಬೆಲ್ಲದ ರೇಟಿನ ನಡುವಿನ ಸಾಲು

ಅಥಣಿಯೊಳಗ ನಾನು ಸಣ್ಣದೊಂದು ಪೇಪರಿನ ಸಂಪಾದಕ ಇದ್ದಾಗಿನ ಮಾತಿದು. ಓಣಿ ಸುದ್ದಿ ಎಲ್ಲಾ ನನ್ನ ಟೇಬಲ್ಲಿಗೇ ಬರತಿತ್ತು. ಒಂದಿನ ಗಂಗವ್ವ ಬಂದು ಬಾಗಲದಾಗ ನಿಂತ್ಲು.

"ಪಲ್ಯಾ ಸಪ್ಪಗಾಗೈತಿ ಅಂತ ಸಿಟ್ಟಾಗಿ ನಮ್ಮನಿಯವರು ಹಾರೂಗೇರಿಗೆ ತಂಗಿ ಮನಿಗೆ ಹೋಗ್ಯಾರ್ರಿ. ಎಂಟು ದಿನಾ ಆತು. ಬರ್ರಿ ಅಂತ ಪೇಪರಿನ್ಯಾಗ ಹಾಕ್ರಿ. ಹೆಸರು ಮಾತ್ರ ಬ್ಯಾಡ, ಮಂದಿ ನಗ್ತಾರ."

"ಹೆಸರಿಲ್ಲಂದ್ರ ನಿನ್ನ ಗಂಡಗ ಹೆಂಗ ಗೊತ್ತಾಗ್ತೈತಿ ಗಂಗವ್ವಾ?"

"ಅವರು ಬೆಲ್ಲದ ರೇಟ ಬಿಟ್ಟು ಬ್ಯಾರೆ ಏನೂ ಓದಂಗಿಲ್ರಿ. ಅಲ್ಲೇ ಹಾಕ್ರಿ."

ಮರುದಿನ ಕೆಂಪು ಬೆಲ್ಲದ ರೇಟಿಗೂ ಬಿಳಿ ಬೆಲ್ಲದ ರೇಟಿಗೂ ನಡಕ ಒಂದು ಸಾಲು ಸೇರಿಸಿದೆ: "ಪಲ್ಯಾಕ್ಕ ಉಪ್ಪು ಹಾಕೈತಿ. ಮನಿಗೆ ಬರ್ರಿ."

ಸಂಜಿ ಬಸ್ಸಿಗೆ ಅಂವ ಬಂದ. ಮನಿಗೆ ಹೋಗೂ ಮೊದಲು ನಮ್ಮ ಆಫೀಸಿಗೆ ಬಂದು ಆ ಸಾಲಿನ ಮ್ಯಾಲೆ ಬೆರಳಿಟ್ಟ.

"ಸಾಹೇಬ್ರ, ಇದು ಖರೇನ ಏನ್ರಿ?"

"ಖರೆ ಐತಿ. ಪಲ್ಯಾ ಆರೂದ್ರಾಗ ಹೋಗು."

ಆ ಸಾಲು ಓದಿ ಅವತ್ತ ಹನ್ನೊಂದು ಮಂದಿ ಗಂಡಂದಿರು ಸಿಟ್ಟು ಬಿಟ್ಟು ಮನಿಗೆ ಬಂದ್ರು ಅಂತ ನಾನು ಹೇಳ್ತೇನಿ. ಬಂದಂವ ಒಬ್ಬನ ಅಂತ ನನ್ನ ಹೆಂಡತಿ ಅಂತಾಳ. ಆಕಿ ಲೆಕ್ಕನೂ ತಪ್ಪು. ಅವತ್ತ ನಾನೂ ಜಗಳಾ ಮರತು ಲಗೂನ ಮನಿಗೆ ಹೋಗಿದ್ದೆ.